ವಾಸ್ಡೇಲ್ ಹೆಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟಿಗೆ ಹೋಗುವವರಲ್ಲಿ ಹೆಚ್ಚಿನವರು ವಿಂಡರ್‌ಮಿಯರ್ ಸರೋವರ ನೋಡಿ ವಾಪಸ್ ಬರುತ್ತಾರೆ. ಪಶ್ಚಿಮದ ಮೂಲೆಯಲ್ಲಿರುವ ವಾಸ್ಡೇಲ್ ಹೆಡ್‌ವರೆಗೆ ಬರುವವರು ಬಹುಪಾಲು ಸ್ಕಾಫೆಲ್ ಪೈಕ್ ಹತ್ತಲೆಂದೇ ಬರುತ್ತಾರೆ. ಹತ್ತಿ, ಇಳಿದು, ಕಾರು ಹತ್ತಿ ಹೊರಡುತ್ತಾರೆ. ಬೆಟ್ಟದ ಬುಡದ ಆ ಪುಟ್ಟ ಹಳ್ಳಿಯನ್ನು ಯಾರೂ ನಿಂತು ನೋಡುವುದಿಲ್ಲ. ನನಗೆ ಅದೇ ಬೇಜಾರು. ಅದಕ್ಕೇ ಈ ಪ್ರಶ್ನೋತ್ತರ.

ವಾಸ್ಡೇಲ್ ಹೆಡ್ ಎಲ್ಲಿದೆ?

ಇಂಗ್ಲೆಂಡಿನ ವಾಯವ್ಯ ಭಾಗದ ಕಂಬ್ರಿಯಾ ಕೌಂಟಿಯಲ್ಲಿ. ಹಳೆಯ ಲೆಕ್ಕದಲ್ಲಿ ಇದು ಕಂಬರ್ಲೆಂಡ್. ವಾಸ್ಡೇಲ್ ಅನ್ನುವುದು ಕಣಿವೆಯ ಹೆಸರು. ಅದರ ತುದಿಯಲ್ಲಿ, ದಾರಿ ಮುಗಿಯುವ ಕಡೆ ಇರುವುದು ವಾಸ್ಡೇಲ್ ಹೆಡ್. ಮುಂದೆ ವಾಹನ ಹೋಗುವ ರಸ್ತೆಯೇ ಇಲ್ಲ. ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. ಪಕ್ಕದ ಬಾರೋಡೇಲ್ ಕಣಿವೆಗೆ ಸ್ಟೈ ಹೆಡ್ ಘಟ್ಟದ ಮೇಲೆ ರಸ್ತೆ ಮಾಡಬೇಕು ಅನ್ನುವ ಯೋಚನೆ ಹಿಂದೆ ಎದ್ದಿತ್ತು. ವಿರೋಧ ಬಂದು ನಿಂತುಹೋಯಿತು. ಹಾಗಾಗಿ ಇವತ್ತಿಗೂ ಆ ದಾರಿ ಕಾಲ್ನಡಿಗೆಯವರದ್ದು.

ಲೇಕ್ ಡಿಸ್ಟ್ರಿಕ್ಟ್ 1951ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2017ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಉದ್ಯಾನದ ಲಾಂಛನ ನೋಡಿದ್ದೀರಾ? ನೀರಿನ ಹಿಂದೆ ಬೆಟ್ಟಗಳು ಕಾಣುವ ಆ ಚಿತ್ರ ಇದೇ ಕಣಿವೆಯದ್ದು.

ಎಷ್ಟು ದೊಡ್ಡ ಊರು?

ಊರು ಅಂದರೆ ಊರಲ್ಲ, ನಮ್ಮ ಕಡೆ ಮಜರೆ ಅನ್ನುತ್ತಾರಲ್ಲ, ಹಾಗೆ. ಬೆರಳೆಣಿಕೆಯ ಹೊಲಮನೆಗಳು, ಒಂದು ಚರ್ಚ್, ಒಂದು ಹಳೆಯ ಹೋಟೆಲ್, ಅದರ ಪಕ್ಕದಲ್ಲಿ ಬೆಟ್ಟ ಹತ್ತುವವರ ಸಾಮಾನು ಮಾರುವ ಅಂಗಡಿ. ಹೋಟೆಲಿನ ಹಿಂದೆ ಮೋಸ್‌ಡೇಲ್ ಹಳ್ಳದ ಮೇಲೆ ಒಂದು ಕಮಾನಿನ ಕಲ್ಲುಸೇತುವೆ ಇದೆ. ಹೇರುಗುದುರೆಗಳು ದಾಟುತ್ತಿದ್ದ ಸೇತುವೆ ಅದು. ರಸ್ತೆ ಬರುವ ಮುಂಚೆ ಉಣ್ಣೆ, ಕಾಳು, ಕಲ್ಲುಹಲಗೆ ಎಲ್ಲ ಕುದುರೆ ಬೆನ್ನ ಮೇಲೆ ಈ ಘಟ್ಟಗಳನ್ನು ದಾಟುತ್ತಿತ್ತು.

ಸುತ್ತ ಯಾವ ಬೆಟ್ಟಗಳಿವೆ?

ಮೂರು ಕಡೆಯೂ ಬೆಟ್ಟ. ಎದುರಿಗೆ ಗೋಪುರದ ಹಾಗೆ ನಿಂತಿರುವುದು ಗ್ರೇಟ್ ಗೇಬಲ್, 899 ಮೀಟರ್. ಅದರ ಪಕ್ಕ ಕರ್ಕ್ ಫೆಲ್, 802 ಮೀಟರ್. ಈಚೆಗೆ ಯೂಬ್ಯಾರೋ. ಆಗ್ನೇಯಕ್ಕೆ ಲಿಂಗ್‌ಮೆಲ್, ಅದರ ಬೆನ್ನಿಗೆ ಸ್ಕಾಫೆಲ್ (964 ಮೀಟರ್) ಮತ್ತು ಸ್ಕಾಫೆಲ್ ಪೈಕ್. 978 ಮೀಟರಿನ ಸ್ಕಾಫೆಲ್ ಪೈಕ್ ಇಂಗ್ಲೆಂಡಿನ ಅತಿ ಎತ್ತರದ ಬೆಟ್ಟ. ಅಂಕಿ ನೋಡಿ ಇಷ್ಟೇನಾ ಅನ್ನಿಸಬಹುದು. ಆದರೆ ಕಣಿವೆಯ ತಳ ಸಮುದ್ರಮಟ್ಟಕ್ಕೆ ಹತ್ತಿರ ಇರುವುದರಿಂದ ಬುಡದಿಂದ ತುದಿಯವರೆಗೆ ಪೂರ್ತಿ 900 ಮೀಟರ್ ಹತ್ತಬೇಕು.

ಇಲ್ಲಿನ ಬಂಡೆ ಬಹುಪಾಲು ಜ್ವಾಲಾಮುಖಿಯದ್ದು, ಸುಮಾರು 45 ಕೋಟಿ ವರ್ಷ ಹಳೆಯದು. ಅದನ್ನು ಕೆತ್ತಿ ಈಗಿನ ರೂಪ ಕೊಟ್ಟಿದ್ದು ಹಿಮಯುಗದ ಹಿಮನದಿಗಳು.

ವಾಸ್ಟ್‌ವಾಟರ್ ಸರೋವರ ಯಾಕೆ ಇಷ್ಟು ಆಳ?

ಇದೇ ಕಣಿವೆಯಲ್ಲಿರುವ ಸರೋವರ ಅದು. ಅದೂ ಹಿಮನದಿಯ ಕೆಲಸವೇ. ಕಣಿವೆಯಲ್ಲಿ ಜಾರಿ ಬಂದ ಮಂಜುಗಡ್ಡೆ ತಳವನ್ನು ಉಜ್ಜಿ ಉಜ್ಜಿ ಗುಂಡಿ ಮಾಡಿತು. ಸರೋವರದ ಉದ್ದ ಸುಮಾರು 5 ಕಿಲೋಮೀಟರ್, ಆಳ ಸುಮಾರು 79 ಮೀಟರ್. ಇಂಗ್ಲೆಂಡಿನಲ್ಲಿ ಇದಕ್ಕಿಂತ ಆಳದ ಸರೋವರ ಇಲ್ಲ. ಅದರ ತಳ ಸಮುದ್ರಮಟ್ಟಕ್ಕಿಂತ ಸುಮಾರು 15 ಮೀಟರ್ ಕೆಳಗಿದೆ.

ಆಗ್ನೇಯ ದಡದಲ್ಲಿ ಇಲ್‌ಗಿಲ್ ಹೆಡ್ ಬೆಟ್ಟದಿಂದ ಒಡೆದ ಕಲ್ಲು ನೇರ ನೀರಿಗೇ ಇಳಿದಿದೆ. ಇದನ್ನು ಸ್ಕ್ರೀಸ್ ಅನ್ನುತ್ತಾರೆ. ಮೋಡ ಕವಿದ ದಿನ ಆ ಇಳಿಜಾರು ಕಪ್ಪಗೆ, ಗಂಭೀರವಾಗಿ ಇರುತ್ತದೆ. ಬಿಸಿಲು ಬಿದ್ದರೆ ಕಲ್ಲಿಗೆ ಕೆಂಪು, ಹಸಿರು ಛಾಯೆ ಬರುತ್ತದೆ. ನೀರಿನಲ್ಲಿ ಪೋಷಕಾಂಶ ಕಡಿಮೆ, ಹಾಗಾಗಿ ಬಹಳ ತಿಳಿ. ಹಿಮಯುಗದ ಕಾಲದಿಂದ ಉಳಿದುಕೊಂಡ ಆರ್ಕ್ಟಿಕ್ ಚಾರ್ ಅನ್ನುವ ಮೀನು ಇಲ್ಲಿದೆ. ಸರೋವರದ ನೀರು ಇರ್ಟ್ ನದಿಯಾಗಿ ಹರಿದು ರೇವನ್‌ಗ್ಲಾಸ್ ಹತ್ತಿರ ಐರಿಷ್ ಸಮುದ್ರ ಸೇರುತ್ತದೆ.

2007ರಲ್ಲಿ ಐಟಿವಿ ಚಾನೆಲ್ ಬ್ರಿಟನ್ನಿನ ಮೆಚ್ಚಿನ ನೋಟ ಯಾವುದು ಅಂತ ಜನರ ಮತ ಕೇಳಿತ್ತು. ಗೆದ್ದಿದ್ದು ಇದೇ.

"ಅತಿ ಎತ್ತರದ ಬೆಟ್ಟ, ಅತಿ ಆಳದ ಸರೋವರ, ಅತಿ ಚಿಕ್ಕ ಚರ್ಚ್, ಅತಿ ದೊಡ್ಡ ಸುಳ್ಳುಗಾರ" ಅಂತ ವಾಸ್ಡೇಲ್ ಬಗ್ಗೆ ಹೇಳುವ ಮಾತು ನಿಜವಾ?

ಮೊದಲ ಎರಡು ನಿಜ. ಚರ್ಚ್ ಇಂಗ್ಲೆಂಡಿನ ಅತಿ ಚಿಕ್ಕ ಚರ್ಚುಗಳಲ್ಲಿ ಒಂದು, ಆದರೆ ಆ ಬಿರುದಿಗೆ ಬೇರೆ ಊರುಗಳೂ ಪೈಪೋಟಿ ಮಾಡುತ್ತವೆ.

ಸುಳ್ಳುಗಾರ ಅಂದರೆ ವಿಲ್ ರಿಟ್ಸನ್ (1808–1890). ರೈತ, ಹೋಟೆಲಿನ ಮಾಲೀಕ, ಮಾತಿನ ಮಲ್ಲ. ಸಂಜೆ ಬಂದ ಅತಿಥಿಗಳಿಗೆ ಕಥೆ ಹೇಳುವುದು ಅವನ ಸಂತೋಷ. ವಾಸ್ಡೇಲಿನ ಟರ್ನಿಪ್ ಗಡ್ಡೆ ಎಷ್ಟು ದೊಡ್ಡದು ಅಂದರೆ, ಭಾನುವಾರದ ಊಟಕ್ಕೆ ಜನ ಗಣಿ ತೋಡಿದ ಹಾಗೆ ತೋಡುತ್ತಾರಂತೆ. ಆಮೇಲೆ ಆ ಟೊಳ್ಳು ಗಡ್ಡೆಯನ್ನೇ ಕುರಿದೊಡ್ಡಿ ಮಾಡಿಕೊಳ್ಳುತ್ತಾರಂತೆ! ಒಂದು ಸುಳ್ಳಿನ ಪಂದ್ಯದಲ್ಲಿ ಅವನ ಸರದಿ ಬಂದಾಗ, "ನಾನು ಸ್ಪರ್ಧಿಸಲಾರೆ, ನನಗೆ ಸುಳ್ಳು ಹೇಳಲು ಬರುವುದಿಲ್ಲ" ಅಂದು ಗೆದ್ದುಬಿಟ್ಟ ಅಂತಲೂ ಹೇಳುತ್ತಾರೆ. ಅವನ ನೆನಪಿಗೆ ಪ್ರತಿ ನವೆಂಬರಿನಲ್ಲಿ ಕಣಿವೆಯ ಕೆಳಗಿನ ಸ್ಯಾಂಟನ್ ಬ್ರಿಜ್‌ನಲ್ಲಿ ಜಗತ್ತಿನ ಅತಿ ದೊಡ್ಡ ಸುಳ್ಳುಗಾರನ ಸ್ಪರ್ಧೆ ನಡೆಯುತ್ತದೆ. ರಾಜಕಾರಣಿಗಳಿಗೂ ವಕೀಲರಿಗೂ ಪ್ರವೇಶವಿಲ್ಲ. ಅವರಿಗೆ ಆಗಲೇ ಅಭ್ಯಾಸ ಜಾಸ್ತಿ ಅನ್ನುವುದು ಕಾರಣ.

ಇಲ್ಲಿ ಮೊದಲು ಯಾರು ನೆಲೆಸಿದರು?

ಹೆಸರುಗಳನ್ನು ಕೇಳಿದರೆ ಸುಳಿವು ಸಿಗುತ್ತದೆ. ಬೆಟ್ಟಕ್ಕೆ ಫೆಲ್, ಹಳ್ಳಕ್ಕೆ ಬೆಕ್, ಜಲಪಾತಕ್ಕೆ ಫೋರ್ಸ್, ಕಣಿವೆಗೆ ಡೇಲ್. ಇವೆಲ್ಲ ಹಳೆಯ ನಾರ್ಸ್ ಭಾಷೆಯಿಂದ ಬಂದವು. ಸುಮಾರು ಸಾವಿರ ವರ್ಷದ ಹಿಂದೆ ಐರಿಷ್ ಸಮುದ್ರದ ಕಡೆಯಿಂದ ನಾರ್ಸ್ ಮೂಲದ ಜನ ಬಂದು ಈ ಕಣಿವೆಗಳಲ್ಲಿ ದನ ಕುರಿ ಸಾಕಿಕೊಂಡು ನೆಲೆನಿಂತರು. ಮಧ್ಯಯುಗದಲ್ಲಿ ಕಣಿವೆಯ ತುದಿಯಲ್ಲಿ ಜಮೀನ್ದಾರರ ದನದ ಹಟ್ಟಿಗಳಿದ್ದವು. ನಿಧಾನವಾಗಿ ಅವು ಒಡೆದು ಗೇಣಿದಾರರ ಚಿಕ್ಕ ಚಿಕ್ಕ ಹಿಡುವಳಿಗಳಾದವು. ದನದ ಜಾಗಕ್ಕೆ ಕುರಿ ಬಂತು.

ಕಲ್ಲುಗೋಡೆಗಳು ಯಾಕೆ ಇಷ್ಟು ದಪ್ಪ?

ವಾಸ್ಡೇಲ್ ಹೆಡ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಈ ಗೋಡೆಗಳೇ. ಲಿಂಗ್‌ಮೆಲ್ ಅಥವಾ ಗ್ರೇಟ್ ಗೇಬಲ್ ಮೇಲಿಂದ ಕೆಳಗೆ ನೋಡಿ. ಕಣಿವೆಯ ಸಮತಟ್ಟು ನೆಲವಿಡೀ ಸೊಟ್ಟಪಟ್ಟ ಗೋಡೆಗಳ ಬಲೆ. ಒಂದು ಹೊಲದ ಆಕಾರ ಇನ್ನೊಂದಕ್ಕಿಲ್ಲ.

ಹಿಮನದಿಯೂ ಹಳ್ಳಗಳೂ ಸೇರಿ ಈ ನೆಲವನ್ನು ಕಲ್ಲಿನಿಂದ ತುಂಬಿಬಿಟ್ಟಿದ್ದವು. ಹುಲ್ಲು ಬೆಳೆಯಬೇಕಾದರೆ ಮೊದಲು ಕಲ್ಲು ಆರಿಸಬೇಕು. ಆರಿಸಿದ ಕಲ್ಲನ್ನು ಎಲ್ಲಿಗೆ ಹಾಕುವುದು? ಗಾಡಿ ಕಟ್ಟಿ ಹೊರಗೆ ಸಾಗಿಸುವಷ್ಟು ಶಕ್ತಿ ಯಾರಿಗಿತ್ತು? ಹೊಲದ ಅಂಚಿಗೇ ಪೇರಿಸಿದರು. ಗಾರೆ ಇಲ್ಲ, ಮಣ್ಣೂ ಇಲ್ಲ. ಎರಡು ಮುಖ ಕಟ್ಟಿ, ನಡುವೆ ಸಣ್ಣ ಕಲ್ಲು ತುಂಬಿ, ಅಲ್ಲಲ್ಲಿ ಎರಡೂ ಮುಖವನ್ನು ಹಿಡಿದಿಡುವ ಉದ್ದಗಲ್ಲು ಇಟ್ಟರು. ಆಮೇಲೂ ಕಲ್ಲು ಮುಗಿಯಲಿಲ್ಲ. ಗೋಡೆಯನ್ನೇ ಅಗಲ ಮಾಡಿದರು. ಅದಕ್ಕೇ ಕೆಲವು ಗೋಡೆಗಳು ಬೇಲಿಗೆ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ದಪ್ಪ. ಗೋಡೆಗೂ ಸೇರದ ಕಲ್ಲು ಹೊಲದ ನಡುವೆಯೇ ಗುಡ್ಡೆಯಾಗಿ ಇವತ್ತಿಗೂ ಕೂತಿದೆ.

ಪ್ರವಾಸಿ ಪುಸ್ತಕಗಳು ಈ ಕಣಿವೆಯನ್ನು ಮನುಷ್ಯ ಮುಟ್ಟದ ಪ್ರಕೃತಿ ಅಂತ ವರ್ಣಿಸುತ್ತವೆ. ನಾನು ಒಪ್ಪುವುದಿಲ್ಲ. ಇಲ್ಲಿನ ಒಂದೊಂದು ಹಸಿರು ತುಂಡೂ ಯಾರೋ ಬಗ್ಗಿ ಕಲ್ಲೆತ್ತಿದ್ದರಿಂದ ಆದದ್ದು. ಯುನೆಸ್ಕೋ ಮನ್ನಣೆ ಕೊಟ್ಟಿರುವುದೂ ಬರೀ ಬೆಟ್ಟಕ್ಕಲ್ಲ, ಕೃಷಿಯಿಂದ ರೂಪುಗೊಂಡ ಈ ನೆಲಕ್ಕೆ.

ಮೇಲಿನ ಬೆಟ್ಟಗಳಿಗೆ ಬೇಲಿ ಇಲ್ಲ. ಕುರಿಗಳು ತಪ್ಪಿಸಿಕೊಳ್ಳುವುದಿಲ್ಲವಾ?

ತಪ್ಪಿಸಿಕೊಳ್ಳುವುದಿಲ್ಲ. ಇಲ್ಲಿನ ತಳಿ ಹರ್ಡ್‌ವಿಕ್. ಮರಿ ಹುಟ್ಟಿದಾಗ ಕಪ್ಪು. ಬೆಳೆಯುತ್ತಾ ಕಂದು, ಆಮೇಲೆ ಬೂದು. ಮುಖ ಮಾತ್ರ ಬೆಳ್ಳಗೆ. ಮಳೆ, ಚಳಿ, ಹಿಮ ಎಲ್ಲ ತಡೆದುಕೊಂಡು ಬೆಟ್ಟದ ಮೇಲೇ ಬದುಕುವ ಗಟ್ಟಿ ಜೀವ.

ಈ ಕುರಿಗಳಿಗೆ ತಮ್ಮ ಮೇವಿನ ಸರಹದ್ದು ಗೊತ್ತು. ತಾಯಿ ತನ್ನ ಮರಿಯನ್ನು ಕರೆದುಕೊಂಡು ಅದೇ ಇಳಿಜಾರಿನಲ್ಲಿ ಮೇಯುತ್ತದೆ. ಮರಿ ಕಲಿಯುತ್ತದೆ. ಅದು ತಾಯಿಯಾದಾಗ ತನ್ನ ಮರಿಗೆ ಕಲಿಸುತ್ತದೆ. ಹೀಗೆ ತಲೆಮಾರುಗಳಿಂದ ಬಂದ ಈ ತಿಳಿವಳಿಕೆಗೆ ಅಲ್ಲಿನವರು ಹೀಫ್ ಅಥವಾ ಹೆಫ್ಟ್ ಅನ್ನುತ್ತಾರೆ. ಎಷ್ಟೋ ಕಡೆ ಜಮೀನು ಕೈ ಬದಲಾದರೂ ಮಂದೆ ಜಮೀನಿನ ಜೊತೆಗೇ ಉಳಿಯುತ್ತದೆ. ಹೊಸ ಕುರಿ ತಂದು ಬಿಟ್ಟರೆ ಅವಕ್ಕೆ ಸರಹದ್ದು ಗೊತ್ತಿರುವುದಿಲ್ಲವಲ್ಲ. 2001ರಲ್ಲಿ ಕಾಲುಬಾಯಿ ಜ್ವರ ಬಂದಾಗ ಇಡೀ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಪೆಟ್ಟು ತಿಂದದ್ದು ಕಂಬ್ರಿಯಾ. ಬೆಟ್ಟದ ಮಂದೆ ಒಮ್ಮೆ ಹೋದರೆ ಆ ನೆನಪೂ ಹೋಗುತ್ತದೆ ಅನ್ನುವುದೇ ರೈತರ ದೊಡ್ಡ ಭಯವಾಗಿತ್ತು.

ಆದರೂ ಒಂದೆರಡು ಕುರಿ ಪಕ್ಕದ ಮಂದೆಗೆ ಸೇರುವುದುಂಟು. ಅದಕ್ಕೆ ಪ್ರತಿ ಮಂದೆಗೂ ಕಿವಿಗುರುತು, ಉಣ್ಣೆಯ ಮೇಲೆ ಬಣ್ಣದ ಗುರುತು. ಯಾವ ಗುರುತು ಯಾರದ್ದು ಅನ್ನುವ ಕೈಪಿಡಿ 1817ರಷ್ಟು ಹಿಂದೆಯೇ ಅಚ್ಚಾಗಿತ್ತು. ದಾರಿ ತಪ್ಪಿ ಬಂದ ಕುರಿಗಳನ್ನು ಕುರಿಗಾಹಿಗಳ ಕೂಟದಲ್ಲಿ ಮಾಲೀಕರಿಗೆ ಒಪ್ಪಿಸುವುದು ಹಳೆಯ ಪದ್ಧತಿ.

ಉಣ್ಣೆ ಒರಟು. ಈಗ ಅದಕ್ಕೆ ಸಿಗುವ ಬೆಲೆಯಿಂದ ಕತ್ತರಿಸಿದವರ ಕೂಲಿಯೂ ಹುಟ್ಟುವುದು ಕಷ್ಟ. ಮಾಂಸಕ್ಕೆ ಮಾತ್ರ ಒಳ್ಳೆಯ ಹೆಸರಿದೆ. 2013ರಲ್ಲಿ ಲೇಕ್‌ಲ್ಯಾಂಡ್ ಹರ್ಡ್‌ವಿಕ್ ಅನ್ನುವ ಹೆಸರಿಗೆ ಯುರೋಪಿನ ಮೂಲಸ್ಥಾನದ ರಕ್ಷಣೆ ಸಿಕ್ಕಿತು.

"ಹೆಣದ ದಾರಿ" ಅಂದರೆ ಏನು?

ಇಲ್ಲಿ ಚರ್ಚ್ ಇತ್ತು, ಆದರೆ 20ನೇ ಶತಮಾನದ ಆರಂಭದವರೆಗೂ ಹೂಳಲು ಜಾಗ ಇರಲಿಲ್ಲ. ಸತ್ತವರನ್ನು ಬೆಟ್ಟದ ಆಚೆಗಿನ ಎಸ್ಕ್‌ಡೇಲ್ ಕಣಿವೆಗೆ, ಬೂಟ್ ಅನ್ನುವ ಹಳ್ಳಿಯ ಸೇಂಟ್ ಕ್ಯಾಥರೀನ್ ಚರ್ಚಿಗೆ ಒಯ್ಯಬೇಕಿತ್ತು. ಹತ್ತಿರ ಹತ್ತಿರ 10 ಕಿಲೋಮೀಟರ್. ಶವಪೆಟ್ಟಿಗೆಯನ್ನು ಕುದುರೆ ಬೆನ್ನಿಗೆ ಕಟ್ಟಿ, ಬರ್ನ್‌ಮೂರ್ ಅನ್ನುವ ಬಯಲನ್ನು ದಾಟಿ ನಡೆಯುತ್ತಿದ್ದರು.

ಆ ಬಯಲಿನ ಬಗ್ಗೆ ಒಂದು ಕಥೆ ಇದೆ. ಯುವಕನೊಬ್ಬನ ಹೆಣ ಹೊತ್ತ ಕುದುರೆ ಮಂಜಿನಲ್ಲಿ ಬೆದರಿ ಓಡಿ ಕಾಣೆಯಾಯಿತಂತೆ. ಮಗನ ದುಃಖದಲ್ಲಿ ತಾಯಿಯೂ ಹೋದಳು. ಅವಳ ಹೆಣ ಹೊತ್ತ ಕುದುರೆಯೂ ಅಲ್ಲೇ ಓಡಿಹೋಯಿತಂತೆ. ಮಂಜಿನ ದಿನ ಈಗಲೂ ಗೊರಸಿನ ಸದ್ದು ಕೇಳುತ್ತದೆ ಅನ್ನುತ್ತಾರೆ. ದೆವ್ವದ ಕಥೆ ನಂಬುವುದು ಬಿಡುವುದು ನಿಮಗೆ ಸೇರಿದ್ದು. ಆದರೆ ಚಳಿಗಾಲದ ಮಳೆಯಲ್ಲಿ ಮನೆಯವರ ಹೆಣ ಹೊತ್ತು ಆ ದೂರ ನಡೆದದ್ದು ಕಥೆಯಲ್ಲ. ಆ ದಾರಿಯಲ್ಲಿ ಇವತ್ತೂ ನಡೆಯಬಹುದು. ದಾರಿ ಸ್ಪಷ್ಟವಾಗಿದೆ.

ಚರ್ಚಿನಲ್ಲಿ ಏನು ನೋಡಬೇಕು?

ಸೇಂಟ್ ಓಲಾಫ್ ಚರ್ಚ್ ಹೊಲಗಳ ನಡುವೆ, ಯೂ ಮರಗಳ ಗುಂಪಿನ ಒಳಗೆ ಅಡಗಿದೆ. ಛಾವಣಿಯ ತೊಲೆಗಳು ವೈಕಿಂಗ್ ಹಡಗಿನವು ಅನ್ನುವ ಐತಿಹ್ಯ ಇದೆ. ತೊಲೆಗಿಂತ ನನಗೆ ಮುಖ್ಯ ಅನ್ನಿಸುವುದು ದಕ್ಷಿಣದ ಕಿಟಕಿಯ ಒಂದು ಪುಟ್ಟ ಗಾಜು. ಅದರ ಮೇಲೆ ಗ್ರೇಟ್ ಗೇಬಲ್ ಮಗ್ಗುಲಿನ ನೇಪ್ಸ್ ನೀಡಲ್ ಅನ್ನುವ ಬಂಡೆಯ ಚಿತ್ರ ಕೊರೆದಿದ್ದಾರೆ. ಮೊದಲ ಮಹಾಯುದ್ಧದಲ್ಲಿ ಸತ್ತ ಚಾರಣಿಗರ ನೆನಪಿಗೆ ಅದು. ಹೊರಗಿನ ಸಮಾಧಿಗಳಲ್ಲಿ ಬೆಟ್ಟದಲ್ಲಿ ಬಿದ್ದು ಸತ್ತವರೂ ಇದ್ದಾರೆ. 1903ರ ಸೆಪ್ಟೆಂಬರಿನಲ್ಲಿ ಸ್ಕಾಫೆಲ್ ಬಂಡೆಯಿಂದ ಒಂದೇ ಹಗ್ಗ ಕಟ್ಟಿಕೊಂಡಿದ್ದ ನಾಲ್ವರು ಬಿದ್ದು ಸತ್ತರು. ಅವರಲ್ಲಿ ಕೆಲವರು ಮಲಗಿರುವುದು ಇಲ್ಲೇ.

ಬಂಡೆ ಹತ್ತುವ ಕ್ರೀಡೆ ಇಲ್ಲೇ ಹುಟ್ಟಿತಾ?

ಬ್ರಿಟನ್ನಿನ ಮಟ್ಟಿಗೆ ಹೌದು ಅನ್ನುತ್ತಾರೆ. ಅದಕ್ಕೂ ಮುಂಚೆ ಕುರಿಗಾಹಿಗಳು ಬಂಡೆ ಹತ್ತುತ್ತಿದ್ದರು, ಸಿಕ್ಕಿಕೊಂಡ ಕುರಿ ಬಿಡಿಸಲು. 1802ರಲ್ಲಿ ಕವಿ ಕೋಲ್‌ರಿಜ್ ಸ್ಕಾಫೆಲ್ ಮೇಲಿಂದ ಬ್ರಾಡ್ ಸ್ಟ್ಯಾಂಡ್ ಅನ್ನುವ ಕಡಿದಾದ ಮೆಟ್ಟಿಲುಬಂಡೆಯಲ್ಲಿ ಜಾರಿ ಜಾರಿ ಇಳಿದು, ನಡುಗುತ್ತಾ ಬದುಕಿಕೊಂಡ.

ಸುಮ್ನೆ ಸಂತೋಷಕ್ಕಾಗಿ ಬಂಡೆ ಹತ್ತುವುದನ್ನು ಒಂದು ಕ್ರೀಡೆ ಮಾಡಿದ್ದು ವಾಲ್ಟರ್ ಪ್ಯಾರಿ ಹ್ಯಾಸ್ಕೆಟ್ ಸ್ಮಿತ್. 1881ರಲ್ಲಿ ಆಕ್ಸ್‌ಫರ್ಡ್ ವಿದ್ಯಾರ್ಥಿಯಾಗಿದ್ದಾಗ ಓದಿಕೊಳ್ಳಲು ಗೆಳೆಯರ ಜೊತೆ ಇಲ್ಲಿಗೆ ಬಂದ. ಓದಿಗಿಂತ ಬೆಟ್ಟವೇ ಜಾಸ್ತಿ ಹಿಡಿಸಿತು. 1886ರ ಜೂನ್ ಕೊನೆಯಲ್ಲಿ ಗ್ರೇಟ್ ಗೇಬಲ್ ಮಗ್ಗುಲಲ್ಲಿ ಸೂಜಿಯ ಹಾಗೆ ನಿಂತಿರುವ ನೇಪ್ಸ್ ನೀಡಲ್ ಅನ್ನು ಹಗ್ಗವಿಲ್ಲದೆ, ಒಬ್ಬನೇ ಹತ್ತಿದ. ತುದಿ ಸಮತಟ್ಟಾಗಿದೆಯಾ ಅಂತ ತಿಳಿಯಲು ಮೊದಲು ಕೆಳಗಿಂದ ಕಲ್ಲು ಎಸೆದು, ಅದು ಮೇಲೆ ನಿಲ್ಲುತ್ತದಾ ಅಂತ ನೋಡಿದ. ಹತ್ತಿದ ಗುರುತಿಗೆ ಕರವಸ್ತ್ರ ಬಿಟ್ಟು ಇಳಿದ. 50 ವರ್ಷದ ನಂತರ, 1936ರಲ್ಲಿ, 70 ದಾಟಿದ ವಯಸ್ಸಿನಲ್ಲಿ ಮತ್ತೆ ಅದೇ ಬಂಡೆ ಹತ್ತಿದ. ಆಗ ಹಗ್ಗ ಇತ್ತು.

ಆ ನೀಡಲ್‌ನ ಒಂದು ಫೋಟೋ ಲಂಡನ್ನಿನ ಅಂಗಡಿಯೊಂದರ ಕಿಟಕಿಯಲ್ಲಿತ್ತು. ಅದನ್ನು ನೋಡಿ ಓವೆನ್ ಗ್ಲಿನ್ ಜೋನ್ಸ್ ಅನ್ನುವ ಚಾರಣಿಗ ಇಲ್ಲಿಗೆ ಬಂದ. ನಂತರ ಕೆಸ್ವಿಕ್‌ನ ಫೋಟೋಗ್ರಾಫರ್ ಸಹೋದರರಾದ ಏಬ್ರಹಾಂಗಳು ಅವನ ಜೊತೆ ಸೇರಿದರು. ರಿಟ್ಸನ್ನನ ಹಳೆಯ ಹೋಟೆಲ್ ಇವರೆಲ್ಲರ ಅಡ್ಡೆ. ಮಳೆ ಬಂದರೆ ಬಿಲಿಯರ್ಡ್ಸ್ ಕೋಣೆಯಲ್ಲೇ ಗೋಡೆ, ಮೇಜು ಹಿಡಿದು ಹತ್ತುವ ಆಟ.

ಇಲ್ಲಿಂದ ಹಿಮಾಲಯಕ್ಕೂ ಒಂದು ಎಳೆ ಹೋಗುತ್ತದೆ. 1892ರ ಕ್ರಿಸ್‌ಮಸ್ ಸಮಯದಲ್ಲಿ ಸ್ಕಾಫೆಲ್ಲಿನ ಮಾಸ್ ಗಿಲ್ ಅನ್ನುವ ಸಂದನ್ನು ಮೊದಲು ಹತ್ತಿದವನು ನಾರ್ಮನ್ ಕೋಲಿ. ನಡುವೆ ಕಾಲಿಡಲು ಜಾಗವಿಲ್ಲದೆ ಹಿಮಗೊಡಲಿಯಿಂದ ಬಂಡೆಯಲ್ಲಿ ಒಂದು ಮೆಟ್ಟಿಲು ಕೆತ್ತಿದ. ಅದು ಸರಿಯಾ ತಪ್ಪಾ ಅಂತ ಚಾರಣಿಗರು ಇಂದಿಗೂ ವಾದ ಮಾಡುತ್ತಾರೆ. ಇದೇ ಕೋಲಿ 1895ರಲ್ಲಿ ಮಮ್ಮರಿ ಅನ್ನುವ ಚಾರಣಿಗನ ಜೊತೆ ಹಿಮಾಲಯದ ನಂಗಾ ಪರ್ಬತಕ್ಕೆ ಹೋದ. ಮಮ್ಮರಿಯೂ, ರಘುಬೀರ್ ಮತ್ತು ಗೋಮನ್ ಸಿಂಗ್ ಅನ್ನುವ ಇಬ್ಬರು ಗೂರ್ಖಾಗಳೂ ಅಲ್ಲಿಂದ ವಾಪಸ್ ಬರಲಿಲ್ಲ.

ಗ್ರೇಟ್ ಗೇಬಲ್ ಮೇಲೆ ಯುದ್ಧಸ್ಮಾರಕ ಯಾಕೆ ಇದೆ?

ಲೇಕ್ ಡಿಸ್ಟ್ರಿಕ್ಟಿನ ಚಾರಣಿಗರ ಫೆಲ್ ಅಂಡ್ ರಾಕ್ ಕ್ಲಬ್ ಯುದ್ಧದಲ್ಲಿ ಸದಸ್ಯರನ್ನು ಕಳೆದುಕೊಂಡಿತು. 1914ರಲ್ಲಿ ಸ್ಕಾಫೆಲ್ಲಿನ ಸೆಂಟ್ರಲ್ ಬಟ್ರೆಸ್ ಅನ್ನುವ ಕಡಿದಾದ ಬಂಡೆ ಹತ್ತಿ ಹೆಸರಾಗಿದ್ದ ಸೀಗ್‌ಫ್ರೀಡ್ ಹರ್ಫರ್ಡ್ ಕೂಡ 1916ರಲ್ಲಿ ಫ್ರಾನ್ಸಿನಲ್ಲಿ ಸತ್ತ. ಸ್ತಂಭ ನಿಲ್ಲಿಸುವ ಬದಲು ಕ್ಲಬ್ಬಿನವರು ಸುಮಾರು 3000 ಎಕರೆ ಎತ್ತರದ ಬೆಟ್ಟಭೂಮಿ ಕೊಂಡು ನ್ಯಾಷನಲ್ ಟ್ರಸ್ಟ್ ಅನ್ನುವ ಸಂರಕ್ಷಣಾ ಸಂಸ್ಥೆಗೆ ಕೊಟ್ಟರು. ಯಾರು ಬೇಕಾದರೂ ನಡೆಯಲಿ ಅಂತ. 1924ರ ಜೂನಿನಲ್ಲಿ ಗೇಬಲ್ ತುದಿಯಲ್ಲಿ ಕಂಚಿನ ಫಲಕ ಅನಾವರಣವಾಯಿತು. ಸ್ಕಾಫೆಲ್ ಪೈಕ್ ತುದಿಯನ್ನು ಲಾರ್ಡ್ ಲೆಕನ್‌ಫೀಲ್ಡ್ 1919ರಲ್ಲೇ ಇದೇ ಉದ್ದೇಶಕ್ಕೆ ಕೊಟ್ಟಿದ್ದರು. ಪ್ರತಿ ನವೆಂಬರಿನ ಸ್ಮರಣೆಯ ಭಾನುವಾರ ಜನ ಗೇಬಲ್ ಹತ್ತಿ ಎರಡು ನಿಮಿಷ ಮೌನವಾಗಿ ನಿಲ್ಲುತ್ತಾರೆ, ಮಳೆಯಿರಲಿ, ಗಾಳಿಯಿರಲಿ. ಇದಕ್ಕಿಂತ ಒಳ್ಳೆಯ ಸ್ಮಾರಕ ನಾನು ಕಂಡಿಲ್ಲ.

ಜಾಸ್ ನೇಲರ್ ಯಾರು?

ಈ ಹಳ್ಳಿಯಲ್ಲಿ ಹುಟ್ಟಿದ ಕುರಿಸಾಕಣೆಯ ರೈತ (1936–2024). ಚಿಕ್ಕಂದಿನಿಂದ ಬೆನ್ನಿನ ತೊಂದರೆ, ಶಸ್ತ್ರಚಿಕಿತ್ಸೆಯೂ ಆಗಿತ್ತು. ಆದರೂ ಬೆಟ್ಟದ ಓಟದಲ್ಲಿ ಅವರನ್ನು ಮೀರಿಸಿದವರು ಕಡಿಮೆ. 1975ರಲ್ಲಿ 24 ಗಂಟೆಯೊಳಗೆ 72 ಶಿಖರ ಮುಟ್ಟಿದರು. 1986ರಲ್ಲಿ, 50ನೇ ವಯಸ್ಸಿನಲ್ಲಿ, ಲೇಕ್ ಡಿಸ್ಟ್ರಿಕ್ಟಿನ 214 ಬೆಟ್ಟಗಳನ್ನು 7 ದಿನ 1 ಗಂಟೆ 25 ನಿಮಿಷದಲ್ಲಿ ಓಡಿ ಮುಗಿಸಿದರು. 70ನೇ ವಯಸ್ಸಿನಲ್ಲಿ 70 ಶಿಖರ. ಕುರಿ ಹಿಂದೆ ಓಡಿ ಬೆಳೆದ ಕಾಲುಗಳು ಅವು.

ಹತ್ತಿರದಲ್ಲಿ ಅಣುಸ್ಥಾವರ ಇದೆಯಂತೆ?

ಇದೆ. ಪಶ್ಚಿಮಕ್ಕೆ ಸುಮಾರು 15 ಕಿಲೋಮೀಟರ್ ದೂರದ ಸಮುದ್ರತೀರದಲ್ಲಿ ಸೆಲ್ಲಾಫೀಲ್ಡ್. ಅಲ್ಲಿನ ಕಾಲ್ಡರ್ ಹಾಲ್ 1956ರಲ್ಲಿ ವಿದ್ಯುತ್ ಕೊಡಲು ಶುರುಮಾಡಿತು. ಮರುವರ್ಷ ಅಕ್ಟೋಬರಿನಲ್ಲಿ ಪಕ್ಕದ ವಿಂಡ್‌ಸ್ಕೇಲ್ ರಿಯಾಕ್ಟರಿಗೆ ಬೆಂಕಿ ಬಿದ್ದು, ಸುಮಾರು 500 ಚದರ ಕಿಲೋಮೀಟರ್ ಪ್ರದೇಶದ ಹಾಲನ್ನು ಚೆಲ್ಲಬೇಕಾಯಿತು. ಸೆಲ್ಲಾಫೀಲ್ಡಿಗೆ ಬೇಕಾದ ನೀರು ವಾಸ್ಟ್‌ವಾಟರಿನಿಂದ ಹೋಗುತ್ತದೆ. ಇನ್ನೂ ಹೆಚ್ಚು ನೀರು ಎತ್ತುವ ಯೋಜನೆ ಬಂದಾಗ 1980ರಲ್ಲಿ ಸಾರ್ವಜನಿಕ ವಿಚಾರಣೆ ನಡೆಯಿತು. ಯೋಜನೆಗೆ ಒಪ್ಪಿಗೆ ಸಿಗಲಿಲ್ಲ.

ರೈತರಿಗೆ ಇನ್ನೊಂದು ಪೆಟ್ಟು ದೂರದಿಂದ ಬಂತು. 1986ರಲ್ಲಿ ಚೆರ್ನೋಬಿಲ್ ದುರಂತದ ವಿಕಿರಣ ಮಳೆಯ ಜೊತೆ ಕಂಬ್ರಿಯಾದ ಬೆಟ್ಟಗಳ ಮೇಲೆ ಸುರಿಯಿತು. ಕುರಿಗಳನ್ನು ಪರೀಕ್ಷಿಸದೆ ಮಾರುವಂತಿರಲಿಲ್ಲ. ಕೊನೆಯ ನಿರ್ಬಂಧ ತೆರವಾಗಿದ್ದು 2012ರಲ್ಲಿ.

ಸರೋವರದ ತಳದಲ್ಲಿ ಗೊಂಬೆಗಳ ತೋಟ ಇದೆಯಾ?

ಇತ್ತು. ಮುಳುಗುಗಾರರು ಸುಮಾರು 48 ಮೀಟರ್ ಆಳದಲ್ಲಿ ತೋಟದ ಕುಳ್ಳಗೊಂಬೆಗಳನ್ನಿಟ್ಟು ಬೇಲಿ ಹಾಕಿದ್ದರು. 1990ರ ದಶಕದಲ್ಲಿ ಕೆಲವು ಮುಳುಗುಗಾರರು ಜೀವ ಕಳೆದುಕೊಂಡ ಮೇಲೆ ಪೊಲೀಸರು ಅವನ್ನು ತೆಗೆಸಿದರು.

ಹೋಗುವುದು ಹೇಗೆ? ಸ್ಕಾಫೆಲ್ ಪೈಕ್ ಸುಲಭನಾ?

ಕಾರು ಇದ್ದರೆ ಗಾಸ್‌ಫೋರ್ತ್ ಅಥವಾ ಸ್ಯಾಂಟನ್ ಬ್ರಿಜ್ ಕಡೆಯಿಂದ ಬನ್ನಿ. ರಸ್ತೆ ಕಿರಿದು, ಎದುರಿನ ಗಾಡಿಗೆ ನಿಂತು ದಾರಿ ಕೊಡಬೇಕು. ರೈಲಿನವರು ರೇವನ್‌ಗ್ಲಾಸ್‌ನಲ್ಲಿ ಇಳಿದು, 1875ರಲ್ಲಿ ಶುರುವಾದ ಪುಟಾಣಿ ರೈಲಿನಲ್ಲಿ ಡೇಲ್‌ಗಾರ್ತ್‌ಗೆ ಹೋಗಿ, ಬೂಟ್‌ನಿಂದ ಹೆಣದ ದಾರಿ ಹಿಡಿದು ನಡೆದು ಬರಬಹುದು. ನನ್ನನ್ನು ಕೇಳಿದರೆ ಈ ಹಳ್ಳಿಗೆ ಬರುವ ಸರಿಯಾದ ದಾರಿ ಅದೇ.

ಬ್ರಿಟನ್ನಿನಲ್ಲಿ ಕೆಲಸಕ್ಕಿರುವ ನಮ್ಮವರು ಎಷ್ಟೋ ಜನ ತ್ರೀ ಪೀಕ್ಸ್ ಚಾಲೆಂಜ್‌ಗಾಗಿ ಬರುತ್ತಾರೆ. 24 ಗಂಟೆಯಲ್ಲಿ ಬೆನ್ ನೆವಿಸ್, ಸ್ಕಾಫೆಲ್ ಪೈಕ್, ಸ್ನೋಡನ್ ಮೂರನ್ನೂ ಹತ್ತುವ ಸವಾಲು ಅದು. ಪೈಕ್ ಸರದಿ ಹೆಚ್ಚಾಗಿ ಕತ್ತಲಲ್ಲಿ ಬರುತ್ತದೆ. ನಡುರಾತ್ರಿ ಕಾರಿನ ಬಾಗಿಲು ಬಡಿಯುವ ಸದ್ದು, ಎಸೆದ ಕಸ, ಎಲ್ಲ ಈ ನಾಲ್ಕು ಮನೆಗಳ ಪಾಲಿಗೆ. ದಯವಿಟ್ಟು ಹಗಲಲ್ಲಿ ಬನ್ನಿ.

ಬೆಟ್ಟ ಸುಲಭ ಅಂತ ತಿಳಿಯಬೇಡಿ. ಸ್ಟೈ ಹೆಡ್ ಘಟ್ಟದ ಆಚೆಗಿನ ಸೀತ್‌ವೇಟ್‌ನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. ಮೇಲೆ ಮಂಜು ಕವಿದರೆ ಹತ್ತು ಹೆಜ್ಜೆ ಮುಂದಿನದ್ದು ಕಾಣುವುದಿಲ್ಲ. ಇಳಿಯುವಾಗ ದಾರಿ ತಪ್ಪಿದವರು ಪಿಯರ್ಸ್ ಗಿಲ್ ಅನ್ನುವ ಆಳದ ಕಮರಿಯ ಕಡೆ ಹೋಗಿಬಿಡುತ್ತಾರೆ. ಅಲ್ಲಿ ಸತ್ತವರಿದ್ದಾರೆ. ಕಾಗದದ ನಕಾಶೆ, ದಿಕ್ಸೂಚಿ, ಟಾರ್ಚ್, ಮಳೆ ಜಾಕೆಟ್ ಇರಲೇಬೇಕು. ಮೊಬೈಲ್ ಸಿಗ್ನಲ್ ನಂಬಬೇಡಿ. ಕಷ್ಟಕ್ಕೆ ಸಿಕ್ಕರೆ 999ಕ್ಕೆ ಕರೆ ಮಾಡಿ, ಮೊದಲು ಪೊಲೀಸ್, ಆಮೇಲೆ ಮೌಂಟನ್ ರೆಸ್ಕ್ಯೂ ಅಂತ ಕೇಳಿ. ವಾಸ್ಡೇಲ್ ರಕ್ಷಣಾ ತಂಡದವರು ಎಲ್ಲರೂ ಸ್ವಯಂಸೇವಕರು. ಕೆಲಸ, ನಿದ್ದೆ ಬಿಟ್ಟು ಬರುತ್ತಾರೆ, ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ.

ಯಾವಾಗ ಬರುವುದು ಒಳ್ಳೆಯದು?

ಬೆಟ್ಟಕ್ಕಾದರೆ ಮೇ, ಜೂನ್. ಹಳ್ಳಿ ನೋಡಲಾದರೆ ಅಕ್ಟೋಬರಿನ ಎರಡನೇ ಶನಿವಾರ. ಅವತ್ತು ವಾಸ್ಡೇಲ್ ಜಾತ್ರೆ, ಅಂದರೆ ಕುರಿಗಾಹಿಗಳ ಕೂಟ. ಹರ್ಡ್‌ವಿಕ್ ಟಗರುಗಳ ಸ್ಪರ್ಧೆ, ಬೆಟ್ಟದ ಓಟ, ಬೇಟೆನಾಯಿಗಳ ಓಟ, ಕಂಬರ್ಲೆಂಡ್ ಕುಸ್ತಿ ಎಲ್ಲ ಇರುತ್ತದೆ.

ನಾಯಿ ಕರೆತರಬಹುದಾ?

ಕರೆತರಬಹುದು, ಆದರೆ ಹಗ್ಗ ಬಿಚ್ಚಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಕುರಿ ಮರಿಹಾಕುವ ಕಾಲ, ಆಗಂತೂ ಜೋಪಾನ. ಗೇಟು ಹೇಗಿತ್ತೋ ಹಾಗೇ ಬಿಡಿ. ಗೋಡೆ ಹತ್ತಿ ದಾಟಬೇಡಿ. ಒಂದು ಕಲ್ಲು ಬಿದ್ದರೆ ಪಕ್ಕದ ನಾಲ್ಕು ಸಡಿಲವಾಗುತ್ತವೆ, ಮತ್ತೆ ಕಟ್ಟುವವರು ಆ ಹೊಲದವರೇ.